ಅಪ್ಪ-ಅಮ್ಮನನ್ನು ಸಫಾರಿಗೆ ಕರೆದುಕೊಂಡು ಹೋಗಬೇಕು. ಬಂಡೀಪುರವೋ, ಕಬಿನಿಯೋ? ಬಸ್ಸೋ, ಜೀಪೋ?

ನಂಜನಗೂಡು ರಸಬಾಳೆ · 11 ಫೆಬ್ರವರಿ 2025

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಮೊದಲ ಸಲ. ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ನಮ್ಮಪ್ಪನಿಗೆ 71. ಬಸ್ ಡ್ರೈವರ್ ಆಗಿದ್ದವರು. ಮೈಸೂರು-ಊಟಿ ರೂಟಿನಲ್ಲೇ ಹದಿನಾಲ್ಕು ವರ್ಷ ಓಡಿಸಿದ್ದಾರೆ. 2009ರಲ್ಲಿ ಬಂಡೀಪುರದ ರಸ್ತೆಗೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗೇಟು ಬಿತ್ತಲ್ಲ, ಅದಕ್ಕೂ ಮುಂಚೆ ಅವರದು ಹೆಚ್ಚಾಗಿ ರಾತ್ರಿ ಡ್ಯೂಟಿ. ಒಂದು ರಾತ್ರಿ ಕೆಕ್ಕನಹಳ್ಳ ಚೆಕ್‌ಪೋಸ್ಟಿಗೆ ಸ್ವಲ್ಪ ಈಚೆ, ತಿರುವಿನಲ್ಲಿ, ರಸ್ತೆ ಮಧ್ಯೆ ಹುಲಿ ಮಲಗಿತ್ತಂತೆ. ಅಪ್ಪ ಬಸ್ ನಿಲ್ಲಿಸಿ ಲೈಟ್ ಡಿಮ್ ಮಾಡಿ ಕೂತಿದ್ದರಂತೆ. ಇಪ್ಪತ್ತು ನಿಮಿಷ. ಪ್ಯಾಸೆಂಜರ್‌ಗಳೆಲ್ಲ ನಿದ್ದೆ. ನೋಡಿದ್ದು ಅಪ್ಪ ಮತ್ತು ಕಂಡಕ್ಟರ್ ಇಬ್ಬರೇ. ಆ ಕಂಡಕ್ಟರ್ ಅಂಕಲ್ ತೀರಿಕೊಂಡು ಆರು ವರ್ಷ ಆಯ್ತು.

ಅಮ್ಮ ಈ ಕಥೆ ಇವತ್ತಿಗೂ ನಂಬಿಲ್ಲ. "ಕಾಡುಬೆಕ್ಕು ನೋಡಿರ್ತೀರ, ನಿದ್ದೆಗಣ್ಣಲ್ಲಿ" ಅಂತಾರೆ.

ಈಗ ಅಪ್ಪನಿಗೆ ಒಂದೇ ಹಠ. ಅಮ್ಮನಿಗೆ ಹುಲಿ ತೋರಿಸಬೇಕು. ಹೋಗುವವರು ಅಪ್ಪ, ಅಮ್ಮ, ನಾನು, ನಮ್ಮೆಜಮಾನರು, 8 ವರ್ಷದ ಮಗ. ಅಮ್ಮನಿಗೆ ಮಂಡಿ ನೋವಿದೆ. ಎಲ್ಲಿಗೆ ಹೋದರೆ ಒಳ್ಳೇದು? ಬುಕಿಂಗ್ ಹೇಗೆ? ಫೋನಿನಲ್ಲಿ ಹುಡುಕಿದರೆ ಹತ್ತಾರು ವೆಬ್‌ಸೈಟ್ ಬರುತ್ತವೆ, ಎಲ್ಲವೂ ನಾವೇ ಅಧಿಕೃತ ಅನ್ನುತ್ತವೆ. ತಲೆ ಕೆಟ್ಟು ಹೋಗಿದೆ.

---

ಕಾಡು ಸುತ್ತೋನು · 11 ಫೆಬ್ರವರಿ

ಕಬಿನಿ. ಎರಡನೇ ಮಾತೇ ಇಲ್ಲ. ಅದೂ ಏಪ್ರಿಲ್-ಮೇನಲ್ಲಿ.

ಯಾಕೆ ಅಂದ್ರೆ, ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿಯುತ್ತೆ. ನೀರು ಸರಿದ ಜಾಗದಲ್ಲೆಲ್ಲ ಎಳೆ ಹುಲ್ಲು ಬರುತ್ತೆ. ಕಾಡಿನ ಒಳಗೆ ಕೆರೆಗಳು ಒಣಗಿರುತ್ತವೆ. ಆನೆಗಳು ನಾಗರಹೊಳೆ ಕಡೆಯಿಂದಲೂ ಬಂಡೀಪುರ ಕಡೆಯಿಂದಲೂ ಬಂದು ಅಲ್ಲಿ ಸೇರುತ್ತವೆ. ಒಂದೇ ನೋಟಕ್ಕೆ ಐವತ್ತು ಆನೆ ನಾನೇ ಎಣಿಸಿದ್ದೇನೆ. ಹುಲಿ ಕಾಣಲಿಲ್ಲ ಅಂದ್ರೂ ಹೊಟ್ಟೆ ತುಂಬುತ್ತೆ.

ಕಾರಾಪುರದಲ್ಲಿ ಜಂಗಲ್ ಲಾಡ್ಜಸ್‌ನವರ ಕಬಿನಿ ರಿವರ್ ಲಾಡ್ಜ್ ಇದೆ. ಸರ್ಕಾರದ್ದೇ. ಮಧ್ಯಾಹ್ನ ಊಟಕ್ಕೆ ಹೋದರೆ ಸಂಜೆ ಒಂದು ಸಫಾರಿ, ಮಾರನೇ ದಿನ ಬೆಳಿಗ್ಗೆ ಒಂದು, ತಿಂಡಿ ತಿಂದು ಖಾಲಿ ಮಾಡಬೇಕು. ದುಡ್ಡು ಮಾತ್ರ ಜಾಸ್ತಿ, ಒಬ್ಬರಿಗೇ ಐದಂಕಿ ಆಗುತ್ತೆ. ಕ್ಯಾಮೆರಾ ತಂದರೆ ಲೆನ್ಸ್ ಉದ್ದಕ್ಕೆ ತಕ್ಕ ಹಾಗೆ ಬೇರೆ ಚಾರ್ಜು. ನನ್ನ ಲೆನ್ಸಿಗೆ ಕೊಟ್ಟಿರೋ ದುಡ್ಡಲ್ಲಿ ಇನ್ನೊಂದು ಲೆನ್ಸ್ ತಗೋಬಹುದಿತ್ತು.

ಬಸ್ ಮಾತ್ರ ಬೇಡ. ದಯವಿಟ್ಟು. ಬಸ್ ಸಫಾರಿ ಅಂದ್ರೆ ಶಾಲೆ ಪ್ರವಾಸ ಇದ್ದ ಹಾಗೆ.

---

ವೈಟ್‌ಫೀಲ್ಡ್ ಟೆಕ್ಕಿ · 12 ಫೆಬ್ರವರಿ

ನಾನು ಹೋದ ವರ್ಷ ಐದು ಸಫಾರಿ ಮಾಡಿದೆ. ಬಂಡೀಪುರ ಎರಡು, ಕಬಿನಿ ಮೂರು. ಹುಲಿ ಸೊನ್ನೆ. ಜಿಂಕೆ, ನವಿಲು, ಮತ್ತೆ ಜಿಂಕೆ. ಕೊನೆಗೆ ನನ್ನ ಹೆಂಡತಿ ಜಿಂಕೆ ಕಂಡರೆ ತಲೆ ಎತ್ತುತ್ತಲೂ ಇರಲಿಲ್ಲ.

ಒಂದು ಎಚ್ಚರಿಕೆ. ಕಬಿನಿ ಹತ್ತಿರ ಒಂದು ಖಾಸಗಿ ರೆಸಾರ್ಟ್‌ನವರು "ಸಫಾರಿ ಗ್ಯಾರಂಟಿ" ಅಂತ ಹೇಳಿ ರೂಮು ಕೊಟ್ಟರು. ಹೋಗಿ ನೋಡಿದರೆ ಜೀಪಿನಲ್ಲಿ ಸೀಟಿಲ್ಲ, "ಸರ್, ಇಲಾಖೆ ಬಸ್ಸಿಗೆ ಬೆಳಿಗ್ಗೆ ನೀವೇ ಹೋಗಿ ಕ್ಯೂ ನಿಲ್ಲಿ" ಅಂದರು. ಅದಕ್ಕೆ ನಾನು ಅಷ್ಟು ದುಡ್ಡು ಕೊಟ್ಟೆನಾ?

---

ಹ್ಯಾಂಡ್‌ಪೋಸ್ಟ್ · 12 ಫೆಬ್ರವರಿ

ನಾನು ಎಚ್.ಡಿ. ಕೋಟೆಯವನು. ನಾಲ್ಕು ವರ್ಷ ಒಂದು ರೆಸಾರ್ಟಲ್ಲಿ ಗಾಡಿ ಓಡಿಸಿದ್ದೆ, ಈಗ ಬೇಸಾಯ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ರೆಸಾರ್ಟ್‌ನವರು ತಮ್ಮ ಜೀಪನ್ನ ಕಾಡೊಳಗೆ ನುಗ್ಗಿಸೋ ಹಾಗಿಲ್ಲ. ಕಬಿನಿಯಲ್ಲಿ ಒಳಗೆ ಓಡೋದು ಜಂಗಲ್ ಲಾಡ್ಜಸ್ ಗಾಡಿ, ಇಲ್ಲಾ ಅರಣ್ಯ ಇಲಾಖೆ ಗಾಡಿ. ರೆಸಾರ್ಟ್ ಎಷ್ಟೇ ದೊಡ್ಡದಿರಲಿ, ಅವರಿಗೆ ಸಿಗೋದು ಅದರಲ್ಲೇ ಒಂದಷ್ಟು ಸೀಟು. ರೂಮು ಖಾಲಿ ಇದೆ ಅಂದ್ರೆ ಸೀಟೂ ಇದೆ ಅಂತಲ್ಲ. ರೂಮಿಗೆ ದುಡ್ಡು ಕಟ್ಟೋಕೆ ಮುಂಚೆ "ಯಾವ ದಿನ, ಯಾವ ಹೊತ್ತು, ಜೀಪೋ ಬೋಟೋ, ಎಷ್ಟು ಸೀಟು" ಇಷ್ಟನ್ನೂ ಬರವಣಿಗೆಯಲ್ಲಿ ತಗೊಳ್ಳಿ. ವಾಟ್ಸಾಪ್ ಮೆಸೇಜ್ ಆದ್ರೂ ಸಾಕು.

ಇಲಾಖೆ ಬಸ್ಸು ಅಂತರಸಂತೆ ಹತ್ತಿರ ದಮ್ಮನಕಟ್ಟೆಯಿಂದ ಹೊರಡುತ್ತೆ. ಅದನ್ನ ಅಷ್ಟು ಹೀಯಾಳಿಸಬೇಡಿ ಕಾಡು ಸುತ್ತೋನೇ. ಬಸ್ಸಲ್ಲಿ ಕೂತವನಿಗೆ ಎತ್ತರ ಇರುತ್ತೆ, ಲಂಟಾನ ಪೊದೆ ಮೇಲಿಂದ ಕಾಣುತ್ತೆ. ಜೀಪಲ್ಲಿ ಕೂತವನಿಗೆ ಪೊದೆನೇ ಕಾಣೋದು.

ಟೆಕ್ಕಿ ಅಣ್ಣಾ, ಐದು ಸಲ ಹೋಗಿ ಹುಲಿ ಕಾಣಲಿಲ್ಲ ಅಂತೀರಿ. ನಮ್ಮೂರಲ್ಲಿ ಒಂದು ಸಲವೂ ಟಿಕೆಟ್ ತಗೊಳ್ಳದೆ ಹುಲಿ ನೋಡಿದವರಿದ್ದಾರೆ. ಅವರ ಹಸು ಹೋಯ್ತು, ಅಷ್ಟೇ.

---

ಇಬ್ಬರು ಮಕ್ಕಳ ತಾಯಿ · 13 ಫೆಬ್ರವರಿ

ನಾನು ಹೇಳೋದು ಹುಲಿ ವಿಷಯ ಅಲ್ಲ, ಬಾತ್‌ರೂಮ್ ವಿಷಯ. ಇದನ್ನ ಯಾರೂ ಬರೆಯಲ್ಲ.

ಜೀಪ್ ಸಫಾರಿ ಹತ್ತಿರ ಹತ್ತಿರ ಮೂರು ಗಂಟೆ. ಒಳಗೆ ಇಳಿಯೋ ಹಾಗಿಲ್ಲ. ಅರ್ಧ ದಾರಿಯಲ್ಲಿ ಮಗು "ಅಮ್ಮಾ..." ಅಂದ್ರೆ ಮುಗೀತು. ನನ್ನ ಚಿಕ್ಕವಳು ಅಂದಳು. ನಮ್ಮ ಡ್ರೈವರ್ ಒಳ್ಳೆಯವರು, ಒಳಗಿನ ಒಂದು ಕ್ಯಾಂಪಿನ ಹತ್ತಿರ ನಿಲ್ಲಿಸಿದರು. ಉಳಿದ ಆರು ಜನ ನನ್ನನ್ನು ನೋಡಿದ ನೋಟ ಹುಲಿ ನೋಟಕ್ಕಿಂತ ಜೋರಾಗಿತ್ತು.

ಅಮ್ಮನಿಗೆ ಶುಗರ್ ಇದ್ದರೆ ಹೊರಡೋ ಅರ್ಧ ಗಂಟೆ ಮುಂಚೆಯಿಂದ ನೀರು ಕಮ್ಮಿ ಮಾಡಿ. ಮಂಡಿ ನೋವಿದ್ದರೆ ಜೀಪ್ ಹತ್ತೋದೇ ಕಷ್ಟ, ಮೆಟ್ಟಿಲು ಎತ್ತರ ಇರುತ್ತೆ, ಹಿಂದಿನ ಸೀಟಲ್ಲಿ ಕುಲುಕಾಟ ಬೇರೆ. ಮುಂದಿನ ಅಥವಾ ನಡುವಿನ ಸೀಟು ಕೇಳಿ. ಧೂಳಿಗೆ ಹತ್ತಿಯ ದುಪಟ್ಟಾ ಇರಲಿ. ಕೆಂಪು, ಬಿಳಿ ಬಟ್ಟೆ ಬೇಡ. ಬೆಳಗಿನ ಸಫಾರಿಗೆ ಬೇಸಿಗೆಯಲ್ಲೂ ಸ್ವೆಟರ್ ಬೇಕು, ತೆರೆದ ಜೀಪಲ್ಲಿ ಗಾಳಿ ಕೊರೆಯುತ್ತೆ.

---

ಪುಣೆ ಕನ್ನಡಿಗ · 14 ಫೆಬ್ರವರಿ

ಹುಲಿಯೇ ಬೇಕು ಅಂದ್ರೆ ನಮ್ಮ ರಾಜ್ಯ ಬಿಟ್ಟು ಮೇಲೆ ಹೋಗಿ. ಮಹಾರಾಷ್ಟ್ರದ ತಡೋಬಾ, ಮಧ್ಯಪ್ರದೇಶದ ಕಾನ್ಹಾ, ಬಾಂಧವಗಢ. ನಮ್ಮಲ್ಲಿ ಹುಲಿ ಕಮ್ಮಿ ಅಂತ ಅಲ್ಲ. 2022ರ ಎಣಿಕೆಯಲ್ಲಿ ಮಧ್ಯಪ್ರದೇಶ 785, ನಾವು 563, ಎರಡನೇ ಸ್ಥಾನ. ಬಂಡೀಪುರ ಒಂದರಲ್ಲೇ 150. ಆದರೆ ನಮ್ಮದು ದಟ್ಟ ಕಾಡು, ಲಂಟಾನ. ಅಲ್ಲಿ ಬಿದಿರು, ಹುಲ್ಲುಗಾವಲು, ಬೇಸಿಗೆಯಲ್ಲಿ ಎಲೆ ಉದುರಿ ಬೋಳು. ಹುಲಿ ನೀರಿಗೆ ಬರಲೇಬೇಕು, ಬಂದರೆ ಕಾಣಲೇಬೇಕು.

ಬುಕಿಂಗ್‌ನಲ್ಲಿ ನಾನು ಮಾಡಿದ ಪೆದ್ದುತನ ಕೇಳಿ. ತಡೋಬಾಕ್ಕೆ ಗೇಟುಗಳು ಹಲವು. ಮೊಹರ್ಲಿ, ನವೇಗಾಂವ್, ಖುಟವಂಡಾ, ಕೋಲಾರಾ. ಪಟ್ಟಿಯಲ್ಲಿ ಕೋಲಾರಾ ಅಂತ ನೋಡಿದ ಕೂಡಲೇ ನಮ್ಮೂರು ಸಿಕ್ಕಿದ ಹಾಗೆ ಖುಷಿಯಾಗಿ ಬುಕ್ ಮಾಡಿಬಿಟ್ಟೆ. ರೂಮು ಮಾಡಿದ್ದು ಮೊಹರ್ಲಿಯಲ್ಲಿ. ಒಂದು ಕಾಡಿನ ಈ ತುದಿ, ಇನ್ನೊಂದು ಆ ತುದಿ. ಒಳಗಿಂದ ಹೋಗೋ ಹಾಗಿಲ್ಲ, ಹೊರಗೆ ಸುತ್ತು ಹಾಕಿಕೊಂಡೇ ಹೋಗಬೇಕು. ಬೆಳಗಿನ ಜಾವ ಮೂರೂವರೆಗೆ ಎದ್ದು ಗೊತ್ತಿಲ್ಲದ ರಸ್ತೆಯಲ್ಲಿ ಕಾರು ಓಡಿಸಿದೆ. ಗೇಟ್ ಮುಟ್ಟುವಷ್ಟರಲ್ಲಿ ಎಲ್ಲರ ಜಿಪ್ಸಿ (ಸಫಾರಿ ಜೀಪು) ಒಳಗೆ ಹೋಗಿ ಆಗಿತ್ತು. ಮೊದಲು ಗೇಟ್, ಆಮೇಲೆ ರೂಮು. ಇದೊಂದು ನೆನಪಿಟ್ಟುಕೊಳ್ಳಿ.

ಇನ್ನೊಂದು, ವಾರದ ರಜೆ. ತಡೋಬಾಕ್ಕೆ ಮಂಗಳವಾರ ರಜೆ. ಮಧ್ಯಪ್ರದೇಶದಲ್ಲಿ ಬುಧವಾರ ಮಧ್ಯಾಹ್ನದ ಸಫಾರಿ ಇಲ್ಲ, ಮಳೆಗಾಲದಲ್ಲಿ ಜುಲೈನಿಂದ ಸೆಪ್ಟೆಂಬರ್ ಕೊನೆಯವರೆಗೆ ಕೋರ್, ಅಂದ್ರೆ ಕಾಡಿನ ಒಳಭಾಗ, ಪೂರ್ತಿ ಬಂದ್. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಗೇಟಲ್ಲಿ ಕೇಳುತ್ತಾರೆ, ಅದೂ ಒರಿಜಿನಲ್. ನನ್ನ ಹಿಂದೆ ನಿಂತಿದ್ದ ಒಬ್ಬರು ಆಧಾರ್ ನಂಬರ್ ಕೊಟ್ಟು ಬುಕ್ ಮಾಡಿ, ಕೈಲಿ ಲೈಸೆನ್ಸ್ ಹಿಡಿದು ನಿಂತಿದ್ದರು. ಪಾಪ.

ಮೊಬೈಲ್ ತಡೋಬಾ ಒಳಗೆ ಬಿಡುವುದಿಲ್ಲ, 2018ರ ಡಿಸೆಂಬರ್‌ನಿಂದ. ನನಗೆ ಅದೇ ಇಷ್ಟ ಆಗಿದ್ದು. ಮೂರು ಗಂಟೆ ಯಾರೂ ಯಾರಿಗೂ ಲೊಕೇಶನ್ ಕಳಿಸಲಿಲ್ಲ.

---

ವೈಟ್‌ಫೀಲ್ಡ್ ಟೆಕ್ಕಿ · 14 ಫೆಬ್ರವರಿ

ಮೊಬೈಲ್ ಇಲ್ಲದಿದ್ದರೂ ಜಿಪ್ಸಿ ಗುಂಪು ಸೇರುತ್ತಲ್ಲ. ಮೊನ್ನೆ ಡಿಸೆಂಬರ್ 31ಕ್ಕೆ ನಾಗಪುರ ಹತ್ತಿರ ಉಮ್ರೇಡ್-ಕರ್ಹಂಡ್ಲಾದಲ್ಲಿ ಹೆಣ್ಣುಹುಲಿಯನ್ನೂ ಐದು ಮರಿಗಳನ್ನೂ ಎರಡೂ ಕಡೆಯಿಂದ ಗಾಡಿಗಳು ಅಡ್ಡಗಟ್ಟಿದ್ದ ವಿಡಿಯೋ ನೋಡಲಿಲ್ಲವಾ? ಬಾಂಬೆ ಹೈಕೋರ್ಟ್ ತಾನೇ ಕೇಸು ತಗೊಂಡಿತು.

---

ಹ್ಯಾಂಡ್‌ಪೋಸ್ಟ್ · 14 ಫೆಬ್ರವರಿ

ನೋಡಿದೆ. ಡ್ರೈವರ್‌ಗಳಿಗೂ ಗೈಡ್‌ಗಳಿಗೂ ಶಿಕ್ಷೆ ಆಯ್ತು, ಸರಿ. ಆದರೆ ಹಿಂದಿನ ಸೀಟಲ್ಲಿ ಕೂತು "ಮುಂದೆ ಹೋಗು, ಇನ್ನೂ ಮುಂದೆ ಹೋಗು" ಅಂದವರಿಗೆ?

ನಾನು ಗಾಡಿ ಓಡಿಸುವಾಗ ಹತ್ತಿದ ಕೂಡಲೇ ಕೆಲವರು ಹೇಳೋರು, "ಹುಲಿ ತೋರಿಸಿದ್ರೆ ಸಾವಿರ ಕೊಡ್ತೀನಿ" ಅಂತ. ಆ ಮಾತು ಕೇಳಿದ ಮೇಲೆ ಡ್ರೈವರ್ ಕಾಲು ಆಕ್ಸಿಲರೇಟರ್ ಮೇಲೆ. ಆಮೇಲೆ ಅವನಿಗೆ ಕಡವೆ ಕಾಣಲ್ಲ, ಸೀಳುನಾಯಿ ಕಾಣಲ್ಲ. ನಿಮಗೂ ಕಾಣಲ್ಲ. ಕೊಡೋದಿದ್ರೆ ಇಳಿದ ಮೇಲೆ ಕೊಡಿ, ಹುಲಿ ಕಂಡ್ರೂ ಕಾಣದಿದ್ರೂ.

---

ಗುವಾಹಟಿ ಪೋಸ್ಟಿಂಗ್ · 16 ಫೆಬ್ರವರಿ

ಹುಲಿ ಹುಲಿ ಅಂತ ಯಾಕೆ ಸಾಯ್ತೀರಿ? ಅಸ್ಸಾಂನ ಕಾಜಿರಂಗಕ್ಕೆ ಬನ್ನಿ. ಒಂದು ಕೊಂಬಿನ ಘೇಂಡಾಮೃಗ ಕಾಣದೆ ವಾಪಸ್ ಹೋಗೋದೇ ಕಷ್ಟ. 2022ರ ಎಣಿಕೆಯಲ್ಲಿ 2,613 ಇದ್ದವು. ಬ್ಯಾಂಕ್ ಕೆಲಸದ ಮೇಲೆ ಇಲ್ಲಿದ್ದೇನೆ, ನಾಲ್ಕು ಸಲ ಹೋದೆ. ಕೊಹೊರಾ, ಬಾಗೋರಿ, ಅಗರಾತೋಲಿ, ಬುರಾಪಹಾರ್ ಅಂತ ವಲಯಗಳು. ಮೊದಲ ಸಲ ಬರುವವರಿಗೆ ಬಾಗೋರಿ ಒಳ್ಳೇದು, ಬಯಲು ಜಾಸ್ತಿ. ಹಕ್ಕಿ ಬೇಕಾದವರು ಅಗರಾತೋಲಿ. ಮಳೆಗಾಲದಲ್ಲಿ ಬ್ರಹ್ಮಪುತ್ರ ಉಕ್ಕಿ ಕಾಡೊಳಗೇ ಬರುತ್ತೆ, ಆಗ ಬಂದ್.

ಒಂದೇ ಮಾತು, ಜೀಪಲ್ಲಿ ಗಟ್ಟಿಯಾಗಿ ಹಿಡಿದು ಕೂರಿ. ಈ ಜನವರಿಯಲ್ಲಿ ಬಾಗೋರಿಯಲ್ಲಿ ಒಬ್ಬ ತಾಯಿ, ಮಗಳು ತಿರುವಿನಲ್ಲಿ ಜೀಪಿನಿಂದ ಕೆಳಗೆ ಬಿದ್ದರು. ಎದುರಿಗೇ ಘೇಂಡಾಮೃಗ. ಪುಣ್ಯಕ್ಕೆ ಇಬ್ಬರೂ ಎದ್ದು ಹತ್ತಿಕೊಂಡರು. ಆ ವಿಡಿಯೋ ನೋಡಿದ ಮೇಲೆ ನಮ್ಮ ಮನೆಯವಳು ನನ್ನ ಬೆಲ್ಟ್ ಹಿಡಿದೇ ಕೂರೋದು.

---

ಡಲ್ಲಾಸ್‌ನಿಂದ · 17 ಫೆಬ್ರವರಿ

ಹೊರದೇಶದಲ್ಲಿರೋ ಕನ್ನಡಿಗರಿಗೆ ಒಂದು ಉಪಯೋಗದ ಮಾತು. ವಿದೇಶಿ ಪಾಸ್‌ಪೋರ್ಟ್ ಇದ್ದರೆ ಎಲ್ಲ ಕಡೆ ರೇಟು ಹಲವು ಪಟ್ಟು. ಆದರೆ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋದು) ಇದ್ದವರಿಗೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದ ಪ್ರವೇಶ ಶುಲ್ಕ ಭಾರತೀಯರಷ್ಟೇ ಅಂತ 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಅಧಿಸೂಚನೆ ಇದೆ. ನಾನು ಅದನ್ನ ಪ್ರಿಂಟ್ ಹಾಕಿ ಪರ್ಸಲ್ಲಿ ಇಟ್ಟುಕೊಂಡಿದ್ದೀನಿ. ಒಂದು ಕೌಂಟರಲ್ಲಿ ಅದನ್ನ ತೋರಿಸಿ ಹದಿನೈದು ನಿಮಿಷ ವಾದ ಮಾಡಿದೆ. ಗೆದ್ದೆ. ಅಷ್ಟರಲ್ಲಿ ಜೀಪ್ ಹೊರಟಿತ್ತು, ಓಡಿ ಹೋಗಿ ಹತ್ತಿದೆ.

---

ಗಿರ್ ನೋಡಿ ಬಂದವಳು · 19 ಫೆಬ್ರವರಿ

ರಸಬಾಳೆಯವರೇ, ನಕಲಿ ವೆಬ್‌ಸೈಟ್ ಬಗ್ಗೆ ಕೇಳಿದ್ದಿರಿ. ನನ್ನ ನಾದಿನಿಗೆ ಆದದ್ದು.

ಗುಜರಾತಿನ ಸಾಸಣ್ ಗಿರ್‌ಗೆ ಸಿಂಹ ನೋಡೋಕೆ ಪರ್ಮಿಟ್ ಬೇಕು. ಒಂದು ಜಿಪ್ಸಿಗೆ ಆರು ಜನ, ಎಲ್ಲರ ಹೆಸರು, ಗುರುತಿನ ಚೀಟಿ ನಂಬರ್ ಮುಂಚೆಯೇ ಹಾಕಬೇಕು. ಅವಳು ಹುಡುಕಿದಾಗ ಮೇಲೆ ಬಂದದ್ದು ಜಾಹೀರಾತು. ಸಿಂಹದ ಫೋಟೋ, ಮೂರು ಸಿಂಹದ ಲಾಂಛನ ಬೇರೆ. ಸಿಂಹದ ಮೇಲೆ ಸಿಂಹ, ನಂಬದೇ ಇರೋದು ಹೇಗೆ? ದುಡ್ಡು ಕಟ್ಟಿದಳು. ಬಂದದ್ದು "ರಿಕ್ವೆಸ್ಟ್ ರಿಸೀವ್ಡ್" ಅನ್ನೋ ಮೇಲ್. ಪರ್ಮಿಟ್ ಅಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿ "ಸೀಟು ಇಲ್ಲ, ಇನ್ನಷ್ಟು ಕಟ್ಟಿದರೆ ವಿಐಪಿ ಕೋಟಾ" ಅಂದರಂತೆ. ಆಮೇಲೆ ಫೋನ್ ಸ್ವಿಚ್ ಆಫ್.

ನೋಡಬೇಕಾದ್ದು ಇಷ್ಟೇ. ಜಾಹೀರಾತು ಅಂತ ಬರೆದಿರೋ ಕೊಂಡಿ ಒತ್ತಬೇಡಿ. ದುಡ್ಡು ಹೋಗೋ ಖಾತೆಯ ಹೆಸರು ಯಾರೋ ಒಬ್ಬ ವ್ಯಕ್ತಿಯದಾದರೆ ಅಲ್ಲೇ ನಿಲ್ಲಿಸಿ. ಗೇಟು, ತಾರೀಕು, ಹೊತ್ತು, ಹೆಸರುಗಳು ಇರೋ ಪರ್ಮಿಟ್ ಕೈಗೆ ಬರಬೇಕು. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅವಳು ನಾಚಿಕೆಯಿಂದ ವಾರ ಸುಮ್ನಿದ್ದಳು, ಅದೇ ತಪ್ಪಾಯ್ತು.

---

ನಿರ್ವಾಹಕರು · 19 ಫೆಬ್ರವರಿ

ಮೇಲಿನ ಪೋಸ್ಟಿನ ಕೆಳಗೆ ಒಬ್ಬರು "ಹುಲಿ ಗ್ಯಾರಂಟಿ" ಅಂತ ಫೋನ್ ನಂಬರ್ ಹಾಕಿದ್ದರು. ತೆಗೆದಿದ್ದೇವೆ. ಇಂಥ ಪೋಸ್ಟಿನ ಕೆಳಗೇ ಹಾಕಿದ ಧೈರ್ಯ ಮೆಚ್ಚಬೇಕು.

---

ಶಿವಮೊಗ್ಗ ಮಳೆ · 22 ಫೆಬ್ರವರಿ

ಮಂಡಿ ನೋವಿನ ಅಮ್ಮನಿಗೆ ಭದ್ರಾ. ಲಕ್ಕವಳ್ಳಿಯಲ್ಲಿ ಬೋಟ್ ಸಫಾರಿ. ಕುಲುಕಾಟ ಇಲ್ಲ. ಬೇಸಿಗೆಯಲ್ಲಿ ಹಿನ್ನೀರಿನ ನಡುಗಡ್ಡೆ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಟ್ಟಿರುತ್ತವೆ, ಆಕಾಶ ತುಂಬಾ ಬಿಳಿ ರೆಕ್ಕೆ. ದಡದಲ್ಲಿ ಆನೆ. ನೀರುನಾಯಿ ಕಂಡರೂ ಕಾಣಬಹುದು. ಹುಲಿ ಮಾತ್ರ ಕೇಳಬೇಡಿ.

---

ಕಾಡು ಸುತ್ತೋನು · 23 ಫೆಬ್ರವರಿ

ಹುಲಿ ಕಣ್ಣಿಗೆ ಬೀಳೋ ಮುಂಚೆ ಕಿವಿಗೆ ಬೀಳುತ್ತೆ. ಇದನ್ನ ಅಪ್ಪನಿಗೆ ಹೇಳಿ, ಅವರಿಗೆ ಖುಷಿಯಾಗುತ್ತೆ.

ಮುಸುವ (ಕಪ್ಪು ಮುಖದ ಕೋತಿ) ಮರದ ಮೇಲೆ ಕೂತು ಕೆಮ್ಮಿದ ಹಾಗೆ ಕೂಗಿದರೆ ಅದಕ್ಕೆ ಏನೋ ಕಂಡಿದೆ ಅಂತ. ಜಿಂಕೆ ಸುಮ್ನೆ ಹೆದರಿಯೂ ಕೂಗುತ್ತೆ, ಅದನ್ನ ಅರ್ಧ ನಂಬಬೇಕು. ಕಡವೆ ಮಾತ್ರ ಸುಳ್ಳು ಹೇಳಲ್ಲ. "ಢಾಂಕ್" ಅಂತ ಒಂದು ಸದ್ದು, ತಗಡಿನ ಕೊಳವೆಗೆ ಹೊಡೆದ ಹಾಗೆ. ಬಾಲ ನೆಟ್ಟಗೆ, ಮುಂಗಾಲು ನೆಲಕ್ಕೆ ಕುಟ್ಟುತ್ತೆ. ಡ್ರೈವರ್‌ಗಳು "ಕಾಲ್ ಬಂತು" ಅಂತಾರೆ. ಆಗ ಇಂಜಿನ್ ಆಫ್ ಮಾಡಿ ಕೂರಬೇಕು. ಹತ್ತು ನಿಮಿಷ, ಅರ್ಧ ಗಂಟೆ. ಇಲ್ಲೇ ಜನ ಸೋಲೋದು. ಐದನೇ ನಿಮಿಷಕ್ಕೆ ಯಾರೋ ಚಿಪ್ಸ್ ಪ್ಯಾಕೆಟ್ ಬಿಚ್ಚುತ್ತಾರೆ.

ಒಂದು ತಪ್ಪು ಒಪ್ಕೋತೀನಿ. ಕಬಿನಿಯ ಕರಿಚಿರತೆ ಹಿಂದೆ ಮೂರು ವರ್ಷ ಬಿದ್ದಿದ್ದೆ. (ಅದು ಬೇರೆ ಜಾತಿ ಅಲ್ಲ, ಮಾಮೂಲಿ ಚಿರತೆಯೇ, ಬಣ್ಣ ಮಾತ್ರ ಕಪ್ಪು. ಓರೆ ಬಿಸಿಲು ಬಿದ್ದರೆ ಕಪ್ಪಿನೊಳಗೆ ಚುಕ್ಕೆ ಕಾಣುತ್ತೆ.) ಹದಿನೇಳನೇ ಸಫಾರಿಗೆ ಕಂಡಿತು. ನಾಲ್ಕು ಸೆಕೆಂಡ್. ಆ ನಾಲ್ಕು ಸೆಕೆಂಡೂ ನಾನು ಕ್ಯಾಮೆರಾ ಸೆಟ್ಟಿಂಗ್ ನೋಡ್ತಾ ಇದ್ದೆ.

---

ನಂಜನಗೂಡು ರಸಬಾಳೆ · 1 ಏಪ್ರಿಲ್

ಎಲ್ಲರಿಗೂ ಥ್ಯಾಂಕ್ಸ್. ಒಂದು ಸಲ ಹೋಗಿ ಬಂದೆವು. ಹೋಗಿ ಬಂದೆವು ಅಂದ್ರೆ ಗೇಟಿನ ತನಕ.

ನಿನ್ನೆ ಹೋದೆವು. ಭಾನುವಾರ ಯುಗಾದಿ, ಸೋಮವಾರ ರಂಜಾನ್ ರಜೆ. ರಜೆ ಇದೆ ಅಂತ ನಾವು ಹೊರಟೆವು. ಎಲ್ಲರೂ ಹಾಗೇ ಹೊರಟಿದ್ದರು. ಮೇಲುಕಾಮನಹಳ್ಳಿ ಹತ್ತಿರ ಕಾರುಗಳ ಸಾಲು ನೋಡಿಯೇ ಅಪ್ಪ "ಇವತ್ತು ಆಗಲ್ಲ" ಅಂದರು. ಆಗಲಿಲ್ಲ. ಆನ್‌ಲೈನಿನಲ್ಲಿ ಮುಂಚೆ ನೋಡಿರಲಿಲ್ಲ, ತಪ್ಪು ನಮ್ಮದೇ. ಹೊಸತೊಡಕಿನ ಬಾಡೂಟ ಬಿಟ್ಟು ಬಂದಿದ್ದಕ್ಕೆ ನಮ್ಮೆಜಮಾನರ ಮುಖ ದಪ್ಪ. ಗುಂಡ್ಲುಪೇಟೆಯಲ್ಲಿ ಮಸಾಲೆ ದೋಸೆ ತಿಂದು ಬಂದೆವು.

---

ಇಬ್ಬರು ಮಕ್ಕಳ ತಾಯಿ · 1 ಏಪ್ರಿಲ್

ಬುಧವಾರ ಅಥವಾ ಗುರುವಾರ ಹೋಗಿ. ಮಗನ ರಜೆ ಶುರುವಾದ ಮೇಲೆ. ಬೆಳಿಗ್ಗೆ ಮೊದಲ ಟ್ರಿಪ್ಪು.

---

ಕಾಡು ಸುತ್ತೋನು · 1 ಏಪ್ರಿಲ್

ಇನ್ನೂ ಕಾಲ ಮೀರಿಲ್ಲ, ಕಬಿನಿ ಜೀಪ್ ಮಾಡಿ.

---

ನಂಜನಗೂಡು ರಸಬಾಳೆ · 18 ಏಪ್ರಿಲ್

ಮೊನ್ನೆ ಬುಧವಾರ ಹೋಗಿ ಬಂದೆವು. ಬಂಡೀಪುರ. ಬಸ್ಸು.

ಕಾಡು ಸುತ್ತೋನ್ ಅವರೇ, ಕ್ಷಮಿಸಿ. ನೀವು ಬರೆದದ್ದನ್ನೆಲ್ಲ ಅಪ್ಪನಿಗೆ ಓದಿ ಹೇಳಿದ್ದೆ. ಕಡವೆ ಸುಳ್ಳು ಹೇಳಲ್ಲ ಅನ್ನೋದನ್ನ ಎರಡು ಸಲ ಓದಿಸಿದರು. ಜೀಪ್ ಅಂದಾಗ ಮಾತ್ರ ತಲೆ ಅಲ್ಲಾಡಿಸಿದರು. "ಬಸ್ಸಿನ ಕಿಟಕಿಯಿಂದ ನೋಡಿದ್ದನ್ನ ಬಸ್ಸಿನ ಕಿಟಕಿಯಿಂದಲೇ ತೋರಿಸ್ತೀನಿ" ಅಂದರು.

ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಟ್ಟೆವು. ಅಪ್ಪ ಗರಿಗರಿ ಇಸ್ತ್ರಿ ಮಾಡಿದ ಖಾಕಿ ಬಣ್ಣದ ಶರಟು ಹಾಕಿಕೊಂಡಿದ್ದರು. ಯೂನಿಫಾರ್ಮ್ ಅಲ್ಲ, ಅದೇ ಬಣ್ಣ. ಅಮ್ಮ ನೋಡಿ ಏನೂ ಅನ್ನಲಿಲ್ಲ. ಟಿಕೆಟ್ ಸಿಕ್ಕಿತು. ಬಸ್ಸಲ್ಲಿ ಡ್ರೈವರ್ ಹಿಂದಿನ ಸೀಟು ಹಿಡಿದರು. ಡ್ರೈವರ್ ಇಪ್ಪತ್ತೈದರ ಹುಡುಗ ಇರಬೇಕು. ಹೊರಟು ಐದು ನಿಮಿಷ ಆಗಿಲ್ಲ, ಅಪ್ಪ ಮುಂದಕ್ಕೆ ಬಗ್ಗಿ, "ಕಂದಾ, ಹಾಫ್ ಕ್ಲಚ್ಚಲ್ಲಿ ಓಡಿಸಬೇಡ, ಪ್ಲೇಟ್ ಹೋಗುತ್ತೆ" ಅಂದರು. ನನಗೆ ನಾಚಿಕೆ. ಆ ಹುಡುಗ ಕನ್ನಡಿಯಲ್ಲಿ ನೋಡಿ, "ಸರ್, ಯಾವ ಡಿಪೋ?" ಅಂದ. ಮುಗೀತು. ಆಮೇಲೆ ಅವರಿಬ್ಬರದೇ ಸಫಾರಿ. ನಾವೆಲ್ಲ ಲಗೇಜು.

ಕಂಡದ್ದು ಹೇಳ್ತೀನಿ. ಜಿಂಕೆ ಬಿಡಿ. ಒಂದು ಕಾಟಿ ಹಿಂಡು, ಬೆಳಗಿನ ಬಿಸಿಲಿಗೆ ಮೈ ಎಣ್ಣೆ ಹಚ್ಚಿದ ಹಾಗೆ, ಕಾಲಿಗೆ ಬಿಳಿ ಸಾಕ್ಸ್. ಒಂಟಿ ಸಲಗ, ಮಣ್ಣು ಎರಚಿಕೊಂಡು ನಿಂತಿತ್ತು. ಮಗ ಗೊಂಬೆ ತಂದಿದ್ದ, ಅದನ್ನೂ ಮರೆತ. ಮತ್ತೆ ಏಳು ಸೀಳುನಾಯಿ. ಬಸ್ಸಿನ ಮುಂದೆಯೇ ರಸ್ತೆಯಲ್ಲಿ ಆಟ. ಒಂದರ ಬಾಯಲ್ಲಿ ಯಾವುದೋ ಕಾಲಿನ ಚೂರು. ಅಮ್ಮ, "ನಮ್ಮ ಬೀದಿ ನಾಯಿಗಿಂತ ನೀಟಾಗಿವೆ" ಅಂದರು.

ಒಂದು ತಗ್ಗಿನ ಹತ್ತಿರ ಡ್ರೈವರ್ ಇನ್ನೂ ಮುಂದೆ ಹೋಗುತ್ತಿದ್ದ. ಅಪ್ಪ ಅವನ ಭುಜ ಮುಟ್ಟಿದರು. "ಆಫ್ ಮಾಡು." ಮಾಡಿದ. ಏನೂ ಇಲ್ಲ. ಹಿಂದಿನ ಸೀಟಲ್ಲಿ ಯಾರೋ ಗೊಣಗಿದರು. ಆಮೇಲೆ ಬಂತು. ಢಾಂಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಇಡೀ ಬಸ್ ಉಸಿರು ಹಿಡಿಯಿತು. ಅಮ್ಮ ಅಪ್ಪನ ಕೈ ಹಿಡಿದಿದ್ದು ನಾನು ನೋಡಿದೆ. ನಮ್ಮ ಮನೆಯಲ್ಲಿ ಅದು ಹುಲಿಗಿಂತ ಅಪರೂಪ.

ಹುಲಿ ಬರಲಿಲ್ಲ. ಹತ್ತು ನಿಮಿಷ ಕಾದೆವು. ಬಸ್ಸಿಗೂ ಟೈಮ್ ಇರುತ್ತಲ್ಲ. ಹೊರಡುವಾಗ ರಸ್ತೆ ಪಕ್ಕದ ಮೆತ್ತನೆ ಮಣ್ಣಲ್ಲಿ ಹೆಜ್ಜೆ ತೋರಿಸಿದ ಹುಡುಗ. ನಮ್ಮ ಮನೆ ಊಟದ ತಟ್ಟೆಯ ಅರ್ಧದಷ್ಟು. ಅಂಚು ಇನ್ನೂ ಕುಸಿದಿರಲಿಲ್ಲ.

ಸಫಾರಿ ಮುಗಿದ ಮೇಲೆ ಅಪ್ಪ "ಸ್ವಲ್ಪ ಮುಂದೆ ಹೋಗಿ ಬರೋಣ" ಅಂದರು. ಕಾರು ಅವರೇ ತಗೊಂಡರು. ಊಟಿ ರಸ್ತೆಯಲ್ಲಿ ಕೆಕ್ಕನಹಳ್ಳದ ಕಡೆಗೆ. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸೋ ಹಾಗಿಲ್ಲ, ಅದಕ್ಕೇ ನಿಧಾನಕ್ಕೆ ಹೋದರು. ಒಂದು ತಿರುವು ಬಂತು. "ಇಲ್ಲೇ" ಅಂದರು. ಒಂದು ಮತ್ತಿ ಮರ, ಒಂದು ಹಂಪು, ಹಂಪಿನ ಪಕ್ಕ ಒಂದು ಮಂಗ. ಅಷ್ಟೇ ಇದ್ದದ್ದು. ಅಮ್ಮ ಸುಮಾರು ಹೊತ್ತು ಹಿಂದಕ್ಕೆ ತಿರುಗಿ ನೋಡ್ತಾ ಇದ್ದರು. ಆಮೇಲೆ, "ಎಷ್ಟು ಉದ್ದ ಇತ್ತು ಅಂದ್ರಿ?" ಅಂತ ಕೇಳಿದರು. ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

---

ಕಾಡು ಸುತ್ತೋನು · 18 ಏಪ್ರಿಲ್

ಬಸ್ಸಿನ ಬಗ್ಗೆ ಬರೆದದ್ದನ್ನ ವಾಪಸ್ ತಗೊಂಡೆ. ಅಪ್ಪನ ಪಕ್ಕದ ಸೀಟು ಖಾಲಿ ಇದ್ದರೆ ಮಾತ್ರ.

---

ಡಲ್ಲಾಸ್‌ನಿಂದ · 19 ಏಪ್ರಿಲ್

ಆಫೀಸಲ್ಲಿ ಕೂತು ಓದಿದೆ. ಊರಿಗೆ ಫೋನ್ ಮಾಡಿದೆ. ನಮ್ಮಪ್ಪನದು ಅಂಚೆ ಕಚೇರಿ, ಹುಲಿ ಕಥೆ ಇಲ್ಲ, ಆದ್ರೂ ಮುಕ್ಕಾಲು ಗಂಟೆ ಮಾತಾಡಿದರು.

---

ಹೊಸಬ · 9 ನವೆಂಬರ್ 2025

ಹಳೇ ಚರ್ಚೆ ಎಬ್ಬಿಸಿದ್ದಕ್ಕೆ ಕ್ಷಮಿಸಿ. ಡಿಸೆಂಬರ್‌ಗೆ ಕಬಿನಿ ಬುಕ್ ಮಾಡಿದ್ದೆ. ಈಗ ಸಫಾರಿ ಬಂದ್ ಅಂತಿದ್ದಾರೆ. ನಿಜವಾ? ದುಡ್ಡು ವಾಪಸ್ ಬರುತ್ತಾ?

---

ಹ್ಯಾಂಡ್‌ಪೋಸ್ಟ್ · 9 ನವೆಂಬರ್

ನಿಜ. ಮೊನ್ನೆ 7ನೇ ತಾರೀಕು ಸರ್ಕಾರ ನಾಗರಹೊಳೆ, ಬಂಡೀಪುರ ಎರಡೂ ಕಡೆ ನಿಲ್ಲಿಸಿದೆ. ಸರಗೂರು ಕಡೆ ಹುಲಿ ದಾಳಿಗೆ ರೈತರು ಸತ್ತರು. ಸಫಾರಿ ಸಿಬ್ಬಂದಿ, ಗಾಡಿ ಎಲ್ಲ ಹುಲಿ ಹಿಡಿಯೋ ಕೆಲಸಕ್ಕೆ ಹಾಕ್ತಿದ್ದಾರೆ. ದುಡ್ಡಿನ ವಿಷಯ ಬುಕ್ ಮಾಡಿದ ಕಡೆಯೇ ಕೇಳಿ, ಬರವಣಿಗೆಯಲ್ಲಿ ಕೇಳಿ.

ಇಲ್ಲಿ ಜನಕ್ಕೆ ಸಿಟ್ಟಿದೆ. ಹಗಲೆಲ್ಲ ಗಾಡಿ ಓಡಾಡಿದ್ದಕ್ಕೇ ಹುಲಿ ಊರ ಕಡೆ ಬಂತು ಅಂತಾರೆ. ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಸತ್ತವರ ಮನೆ ಮುಂದೆ ನಿಂತುಕೊಂಡು ಬೇರೆ ಕಾರಣ ಹೇಳೋಕೂ ನನ್ನಿಂದ ಆಗಲಿಲ್ಲ.

---

ನಂಜನಗೂಡು ರಸಬಾಳೆ · 10 ನವೆಂಬರ್

ಅಪ್ಪ ಪೇಪರಲ್ಲಿ ಓದಿದರು. "ಆ ಕೋಟೆ ಹುಡುಗ ಹೇಗಿದ್ದಾನೆ ಕೇಳು" ಅಂತ ನಿಮ್ಮನ್ನೇ ಕೇಳಿದರು. ಕತ್ತಲಾದ ಮೇಲೆ ಹೊಲದ ಕಡೆ ಹೋಗಬೇಡ ಅಂತ ಹೇಳು ಅಂದರು.

---

ಹ್ಯಾಂಡ್‌ಪೋಸ್ಟ್ · 10 ನವೆಂಬರ್

ಚೆನ್ನಾಗಿದ್ದೀನಿ ಅಂತ ಹೇಳಿ ಅಕ್ಕ. ಪಂಪ್‌ಸೆಟ್ಟಿಗೆ ಕರೆಂಟ್ ಬಿಡೋದು ರಾತ್ರಿ ಹೊತ್ತು. ಹೋಗಲೇಬೇಕು. ಈಗ ಇಬ್ಬರು ಹೋಗ್ತೀವಿ. ಒಬ್ಬ ನೀರು ಕಟ್ತಾನೆ, ಒಬ್ಬ ಬ್ಯಾಟರಿ ಹಿಡ್ಕೊಂಡು ನಿಂತಿರ್ತಾನೆ.